ಭೂಮದ ಹರಿವಾಣಕ್ಕೆ ಕೂತವರು

ನಮ್ಮ ಕಡೆ ಮದುವೆಯಲ್ಲಿ ತಾಳಿ ಕಟ್ಟಿದ ಮೇಲೆ ಭೂಮ ಅಂತ ಒಂದು ಊಟವಿದೆ. ಊಟ ಅಂದರೆ ಹೊಟ್ಟೆ ತುಂಬಿಸುವ ಊಟವಲ್ಲ, ಅದು ಆಮೇಲೆ ಪಂಕ್ತಿಯಲ್ಲಿ. ಭೂಮಕ್ಕೆ ಒಂದೇ ಒಂದು ದೊಡ್ಡ ಹಿತ್ತಾಳೆ ಹರಿವಾಣ. ಅದರಲ್ಲಿ ಅನ್ನ, ಹೋಳಿಗೆ, ಬಾಳೆಹಣ್ಣು, ಮೇಲೆ ಹಾಲು, ತುಪ್ಪ. ಹೆಣ್ಣು ಗಂಡು ಮತ್ತು ಎರಡೂ ಕಡೆಯ ಹತ್ತಿರದವರು ಅದರ ಸುತ್ತ ಮಂಡಿಗೆ ಮಂಡಿ ತಾಗಿಸಿಕೊಂಡು ಕೂರುತ್ತಾರೆ. ಹೆಣ್ಣಿನ ಸೋದರಮಾವ ಎಲ್ಲವನ್ನೂ ಕೈಯಲ್ಲಿ ಕಲಸಿ, ಮೊದಲ ತುತ್ತನ್ನು ಮದುಮಗಳ ಬಾಯಿಗೆ ಇಡುತ್ತಾನೆ, ಮುಂದಿನದನ್ನು ಮದುಮಗನಿಗೆ. ಆಮೇಲೆ ಎಲ್ಲರ ಕೈಯೂ ಅದೇ ಹರಿವಾಣದೊಳಗೆ. ಒಬ್ಬರ ಬಾಯಿಗೆ ಇನ್ನೊಬ್ಬರು ತುರುಕುತ್ತಾರೆ, ಮೂಗಿಗೆ ಮೆತ್ತುತ್ತಾರೆ, ನಗುತ್ತಾರೆ. ಅಲ್ಲಿ ಕೈಯಿಟ್ಟು ಉಂಡರೆ ಎರಡು ಮನೆ ಒಂದಾದ ಹಾಗೆ. ಬೇರೆ ಮನೆಗಳಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು, ನಮ್ಮಲ್ಲಿ ಹೀಗೆ.

ನನ್ನ ತಂಗಿಯ ಮದುವೆಯಲ್ಲಿ ನಮ್ಮ ಸೋದರಮಾವ ಆ ಹರಿವಾಣಕ್ಕೆ ಕೂರಬೇಕೋ ಬೇಡವೋ ಎಂಬ ಮಾತು ಎದ್ದಿತು. ಅದನ್ನೇ ಬರೆಯಲು ಹೊರಟಿದ್ದೇನೆ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆಗ ದಾವಣಗೆರೆ ಇನ್ನೂ ಜಿಲ್ಲೆಯಾಗಿರಲಿಲ್ಲ. ಸವಳಂಗದ ಹತ್ತಿರದ ನಮ್ಮ ಊರು ಹೊನ್ನಾಳಿ ತಾಲ್ಲೂಕಿಗೆ, ಹೊನ್ನಾಳಿ ಶಿವಮೊಗ್ಗಕ್ಕೆ. ಮಾವನ ಜಗಳೂರು ಚಿತ್ರದುರ್ಗದ ಕಡೆ.

ಮಾವ ಅವ್ವನ ತಮ್ಮ. ಲಾರಿ ಡ್ರೈವರ್. ಚನ್ನಗಿರಿಯಲ್ಲಿ ಅಡಿಕೆ ಮೂಟೆ ಹೇರಿಕೊಂಡು ಬೊಂಬಾಯಿ ದಾಟಿ ಗುಜರಾತಿನವರೆಗೂ ಹೋಗುತ್ತಿದ್ದ. ವಾಪಸ್ಸು ಬರುವಾಗ ಸವಳಂಗದ ಕ್ರಾಸಿನಲ್ಲಿ ನಿಲ್ಲಿಸಿ ಹಾರ್ನ್ ಒತ್ತಿದರೆ ನಮ್ಮ ಕೇರಿಯ ಮಕ್ಕಳೆಲ್ಲ ರಸ್ತೆಗೆ ಓಡುತ್ತಿದ್ದರು. ಅವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಮಗುವೂ ಉಳಿಯಲಿಲ್ಲ. ಅದೇ ಸುಮಾರಿಗೆ ನನ್ನ ತಂಗಿ ಹುಟ್ಟಿ, ಅವ್ವ ಬಹಳ ಕಾಲ ಹಾಸಿಗೆ ಹಿಡಿದಳು. ಜಗಳೂರಿನಿಂದ ಅಜ್ಜಿ ಬಂದು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಶಾಲೆಗೆ ಸೇರುವ ವಯಸ್ಸಿನವರೆಗೂ ತಂಗಿ ಬೆಳೆದದ್ದು ಅಲ್ಲೇ, ಅಜ್ಜಿಯ ಮಗ್ಗುಲಲ್ಲಿ, ಮಾವನ ಹೆಗಲ ಮೇಲೆ. ಲಾರಿಯಿಂದ ಇಳಿದವನು ಕೈಕಾಲು ತೊಳೆದು ಮೊದಲು ಮಾಡುತ್ತಿದ್ದ ಕೆಲಸ ಅವಳಿಗೆ ಉಣ್ಣಿಸುವುದು. ನಮ್ಮ ಮನೆಗೆ ಬಂದ ಮೇಲೂ ಅವಳು ನಮ್ಮಪ್ಪನ ಕೈಯಿಂದ ತುತ್ತು ತಿನ್ನುತ್ತಿರಲಿಲ್ಲ. ಅಪ್ಪ ಅದಕ್ಕೆ ಬೇಜಾರು ಮಾಡಿಕೊಂಡು, "ನನ್ ಕೈಗೇನು ಡೀಸೆಲ್ ವಾಸ್ನೆ ಇಲ್ಲ, ಅದ್ಕೇ ಇವ್ಳಿಗೆ ರುಚಿ ಹತ್ತಲ್ಲ" ಅನ್ನುತ್ತಿದ್ದ.

ನಾನು ಆಗ ನ್ಯಾಮತಿ ಕಡೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಕೆಲಸಕ್ಕಿದ್ದೆ. ಹೆರಿಗೆ, ಮಕ್ಕಳಿಗೆ ಚುಚ್ಚುಮದ್ದು, ಮಲೇರಿಯಾ ರಕ್ತಲೇಪನ, ಕುಟುಂಬ ಯೋಜನೆ, ಎಲ್ಲಕ್ಕೂ ನಾನೇ. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಎಲ್ಲರ ಬಾಯಲ್ಲೂ ನರ್ಸಮ್ಮ. ಒಂದು ಸಲ ನಮ್ಮನ್ನೆಲ್ಲ ಶಿವಮೊಗ್ಗಕ್ಕೆ ತರಬೇತಿಗೆ ಕರೆಸಿದರು. ಬಾಗಿಲು ಹಾಕಿಕೊಂಡು, ಕಿಟಕಿಗೆ ಬಟ್ಟೆ ಕಟ್ಟಿ, ಗೋಡೆಯ ಮೇಲೆ ಚಿತ್ರ ಬಿಟ್ಟು ಡಾಕ್ಟರೊಬ್ಬರು ಏಡ್ಸ್ ಅಂದರೇನು ಎಂದು ಹೇಳಿದರು. ಸೂಜಿಯ ಮೊನೆಯ ಮೇಲೆ ಒಂದು ಸಂತೆಯೇ ನೆರೆಯಬಹುದಾದಷ್ಟು ಸಣ್ಣ ಜೀವ. ಅದಕ್ಕೆ ಕಣ್ಣಿಲ್ಲ, ಕಾಲಿಲ್ಲ, ಗಾಳಿಯಲ್ಲಿ ಹಾರಲಾರದು, ನೀರಿನಲ್ಲಿ ಈಜಲಾರದು. ಮನುಷ್ಯನ ರಕ್ತದೊಳಗೆ ಹೊಕ್ಕರೆ ಮಾತ್ರ ಅದಕ್ಕೆ ಬದುಕು. ಹೊಕ್ಕ ಮೇಲೆ ವರ್ಷಗಟ್ಟಲೆ ಏನೂ ತೋರಗೊಡದೆ ಇರುತ್ತದೆ, ಆಮೇಲೆ ಮೈಯ ಕಾವಲುಗಾರರನ್ನೇ ಒಬ್ಬೊಬ್ಬರಾಗಿ ಮುಗಿಸುತ್ತದೆ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಹೆದರಿಕೆ ಆಮೇಲೆ ಬಂತು, ಮೊದಲು ಬಂದದ್ದು ಬೆರಗು. ಅಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಮನುಷ್ಯ ಸೋಲುತ್ತಾನಲ್ಲ!

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾಗಿದ್ದ ನರ್ಸಮ್ಮ ಒಬ್ಬರು ಎದ್ದು ಕೇಳಿದರು: "ಸಾರ್, ಔಷಧಿ?"

ಡಾಕ್ಟರು ಸೀಮೆಸುಣ್ಣ ಕೆಳಗಿಟ್ಟು, "ಇನ್ನೂ ಇಲ್ಲಮ್ಮ. ಸದ್ಯಕ್ಕೆ ನಿಮ್ಮ ಬಾಯಿಮಾತೇ ಔಷಧಿ" ಅಂದರು.

ಆ ಬಾಯಿಮಾತನ್ನು ಹೊತ್ತುಕೊಂಡು ನಾನು ಊರೂರು ತಿರುಗಿದೆ. ಮಹಿಳಾ ಮಂಡಳಿ, ಶಾಲೆಯ ಅಂಗಳ, ನ್ಯಾಮತಿಯ ಸಂತೆ. ಈ ರೋಗ ಗಂಡುಹೆಣ್ಣಿನ ಸಂಬಂಧದಿಂದ ಬರುತ್ತದೆ ಅನ್ನುವ ಹೊತ್ತಿಗೆ ನನ್ನ ಕಿವಿಯೇ ಕೆಂಪಾಗುತ್ತಿತ್ತು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಪ್ರಶ್ನೆಗಳಂತೂ ಕೇಳಬೇಡಿ.

"ನರ್ಸಮ್ಮ, ಸೊಳ್ಳೆ ಕಚ್ಚಿದ್ರೆ?"

"ಬರಲ್ಲ."

"ಒಂದೇ ಬೀಡಿ ಇಬ್ರು ಸೇದಿದ್ರೆ?"

"ಕೆಮ್ಮು ಬರುತ್ತೆ, ಇದು ಬರಲ್ಲ."

ಬೇಲಿಯ ಆಚೆ ನಿಂತಿದ್ದ ಮುದುಕನೊಬ್ಬ, "ನಂಗೆ ಬಾಯಾಗೆ ಹಲ್ಲಿಲ್ಲ, ಮನ್ಯಾಗೆ ಹೆಂಡ್ತಿ ಇಲ್ಲ. ನನ್ ತಾವ ಬರಾಕೆ ಅದುಕ್ಕೆ ದಾರಿ ಎಲ್ಲೈತೆ ತಾಯಿ?" ಅಂದದ್ದಕ್ಕೆ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಸರ್ಕಾರ ಹಂಚಲು ಕೊಟ್ಟ ನಿರೋಧ್ ಪೊಟ್ಟಣಗಳನ್ನು ಮಕ್ಕಳು ಎತ್ತಿಕೊಂಡು ಹೋಗಿ ಪುಗ್ಗೆ ಮಾಡಿ ಬೀದಿಯಲ್ಲಿ ಹಾರಿಸಿದವು. ಮುಟ್ಟಿದರೆ ಬರುವುದಿಲ್ಲ, ಜೊತೆಗೆ ಉಂಡರೆ ಬರುವುದಿಲ್ಲ ಎಂಬ ಮಾತು ಮಾತ್ರ ನನ್ನ ನಾಲಗೆಯಿಂದ ನೀರು ಹರಿದ ಹಾಗೆ ಹರಿಯುತ್ತಿತ್ತು. ಹೇಳುವುದಕ್ಕೆ ನಾಚಿಕೆಯಿಲ್ಲದ ಮಾತು ಅದೊಂದೇ.

ತಂಗಿಗೆ ಕೆರೆಬಿಳಚಿ ಕಡೆಯ ಗಂಡು ಗೊತ್ತಾಯಿತು. ಹುಡುಗ ಚನ್ನಗಿರಿಯಲ್ಲಿ ಲೈನ್‌ಮನ್. ಮಾತು ಮುಗಿಸಿ ಎಲೆ ಅಡಿಕೆ ಬದಲಾಯಿಸಿದ ಕೆಲವು ದಿನಕ್ಕೆ ಮಾವ ಬಂದ. ಈ ಸಲ ಹಾರ್ನ್ ಕೇಳಲಿಲ್ಲ. ಬಸ್ಸಿನಲ್ಲಿ ಬಂದಿದ್ದ. ಅಂಗಿ ಎತ್ತಿ ತೋರಿಸಿದ. ಸೊಂಟದ ಸುತ್ತ ಕೆಂಡದಂಥ ಗುಳ್ಳೆ, ಮೇಲೆ ಅಜ್ಜಿ ಬಳಿದ ಕೆಮ್ಮಣ್ಣು. ಸರ್ಪಸುತ್ತು. ಅದು ಯಾರಿಗೂ ಆಗಬಹುದಾದದ್ದೇ. ಆದರೆ ಮಾವ ಸೊರಗಿ ಹೋಗಿದ್ದ, ಬಿಟ್ಟು ಬಿಟ್ಟು ಜ್ವರ ಬೇರೆ. ಶಿವಮೊಗ್ಗದ ಆ ಕತ್ತಲೆ ಕೋಣೆಯ ಚಿತ್ರಗಳು ನನ್ನ ಕಣ್ಣ ಮುಂದೆ ಬಂದವು. ಮಾರನೆಯ ದಿನ ಅವನನ್ನು ಹೊನ್ನಾಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕೆಲಸ ಏನು ಅಂತ ಕೇಳಿದರು. ಲಾರಿ ಅಂದ. ಅವರು ನನಗೆ ಹೊರಗೆ ಕೂರಲು ಹೇಳಿದರು.

ರಕ್ತ ಬೆಂಗಳೂರಿಗೆ ಹೋಯಿತು. ಉತ್ತರ ಬರುವುದು ತಡವಾಯಿತು. ಆ ಕಾಯುವ ಕಾಲವೇ ದೊಡ್ಡ ಕಾಯಿಲೆ. ಮಾವ ಕೇರಿಯ ಮಕ್ಕಳನ್ನು ಎತ್ತುವುದು ಬಿಟ್ಟ. ಕೆಮ್ಮು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಕನ್ನಡಿಯಲ್ಲಿ ನಾಲಗೆ ಚಾಚಿ ನೋಡಿಕೊಳ್ಳುತ್ತಿದ್ದ. ನಾನೂ ಕದ್ದು ಅವನನ್ನೇ ನೋಡುತ್ತಿದ್ದೆ. ಅವನು ನನ್ನ ಕಣ್ಣು ಹಿಡಿದುಬಿಡುತ್ತಿದ್ದ. ಒಂದು ದಿನ ಹೊನ್ನಾಳಿಯ ಹೊಳೆ ದಂಡೆಯಲ್ಲಿ ಕೂತಿದ್ದಾಗ ಕೇಳಿದ:

"ಮಗಾ, ನಿಜ ಹೇಳು. ಈ ರೋಗ ಎಂಜಿನ್ ಒಳಗಿಂದೋ, ಬಾಡಿ ಮೇಲಿಂದೋ?"

"ಎಂಜಿನ್ ಒಳಗಿಂದು ಮಾವ."

"ಹಂಗಾದ್ರೆ ಪಕ್ಕದ ಗಾಡಿಗೆ ಹತ್ತಲ್ಲ."

"ಪಕ್ಕದಲ್ಲಿ ನಿಂತ್ರೆ ಹತ್ತಲ್ಲ."

"ಮತ್ತೆ ರಕ್ತ ಕೊಟ್ಟಿದ್ ಸುದ್ದಿ ಕೇಳಿ ನಮ್ ಸ್ಟ್ಯಾಂಡಿನೋರೆಲ್ಲ ನನ್ ಕಂಡ್ರೆ ಯಾಕೆ ಸೈಡ್ ಹೊಡೀತಾರೆ?"

ನಾನು ಹೊಳೆ ನೋಡಿದೆ. ಅವನೇ ನಕ್ಕ. ಅಷ್ಟು ಹೆದರಿದ ಮನುಷ್ಯನಲ್ಲಿ ನಗು ಎಲ್ಲಿಂದ ಬರುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ.

ಉತ್ತರ ಬಂದ ದಿನ ಡಾಕ್ಟರು ಅವನೊಬ್ಬನನ್ನೇ ಕರೆದರು. ಅವನು, "ಇವ್ಳೂ ಬರ್ಲಿ ಸಾರ್, ನಂಗೆ ನಿಮ್ ಮಾತು ಅರ್ಥ ಆಗದಿದ್ರೆ ಇವ್ಳು ಹೇಳ್ತಾಳೆ" ಅಂದ. ಅರ್ಥವಾಗದೆ ಇರಲು ಅಲ್ಲೇನೂ ಇರಲಿಲ್ಲ. ರಕ್ತದಲ್ಲಿ ಅದು ಇತ್ತು. ಡಾಕ್ಟರು ಒಳ್ಳೆಯವರು, ಮಾತನ್ನು ಸುತ್ತಿಬಳಸಲಿಲ್ಲ. ಮಾವ ಸ್ವಲ್ಪ ಹೊತ್ತು ತನ್ನ ಅಂಗೈಗಳನ್ನೇ ನೋಡುತ್ತ ಕೂತ. ಸ್ಟೇರಿಂಗು ಹಿಡಿದು ದಡ್ಡುಗಟ್ಟಿದ ಅಂಗೈ. ಎಷ್ಟು ದಿನ ಬದುಕುತ್ತೇನೆ ಅಂತ ಕೇಳುತ್ತಾನೆ ಅಂದುಕೊಂಡೆ. ಅವನು ಕೇಳಿದ್ದು ಬೇರೆ.

"ಸಾರ್, ನಮ್ ಹುಡ್ಗಿ ಮದ್ವೆ ಐತೆ. ಭೂಮಕ್ಕೆ ಕೈ ಹಾಕ್ಬೋದಾ?"

ಡಾಕ್ಟರು ಬೇರೆ ಕಡೆಯವರು, ಅವರಿಗೆ ಭೂಮ ಗೊತ್ತಿಲ್ಲ. ನಾನು ವಿವರಿಸಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ಕೈಯಲ್ಲಿ ಗಾಯ ಇಲ್ಲದೆ ಇದ್ದರೆ, ತೊಳೆದುಕೊಂಡು ಧಾರಾಳವಾಗಿ ಹಾಕಬಹುದು. ಊಟದಿಂದ ಇದು ಬರುವುದಿಲ್ಲ. ಆದರೆ ನಿಮ್ಮ ಜನ ಒಪ್ಪಬೇಕಲ್ಲ" ಅಂದರು. ಬದುಕೇ ಕೈ ಬಿಟ್ಟು ಹೋಗುತ್ತಿರುವಾಗ ಒಂದು ತುತ್ತಿನ ಬಗ್ಗೆ ಕೇಳಿದ ಮನುಷ್ಯನನ್ನು ನಾನು ಮೊದಲ ಸಲ ನೋಡುವ ಹಾಗೆ ನೋಡಿದೆ.

ಮನೆಗೆ ಬಂದು ಅವನೇ ಅಪ್ಪ ಅವ್ವನಿಗೆ ಹೇಳಿದ. ತಂಗಿಗೂ ಹೇಳಿದ. ಅವ್ವ ಕಂಬಕ್ಕೆ ಒರಗಿ ಅತ್ತಳು. ಮಾರನೆಯ ದಿನ ಮಾವ ಸಂತೆಯಿಂದ ಒಂದು ಅಲ್ಯೂಮಿನಿಯಂ ತಟ್ಟೆ, ಒಂದು ಲೋಟ ತಂದು ಹೊರಗಿನ ಜಗುಲಿಯ ಗೂಡಿನಲ್ಲಿ ಇಟ್ಟುಕೊಂಡ. ಯಾರೂ ಇಡು ಅನ್ನಲಿಲ್ಲ, ಯಾರೂ ಬೇಡ ಅನ್ನಲಿಲ್ಲ. ಅವ್ವ ಮುದ್ದೆಯನ್ನು ಅವನ ತಟ್ಟೆಗೆ ತಾಗದ ಹಾಗೆ ಮೇಲಿನಿಂದ ಇಳಿಸುತ್ತಿದ್ದಳು, ಸಾರನ್ನು ಎತ್ತರದಿಂದ ಬಿಡುತ್ತಿದ್ದಳು. ಒಡಹುಟ್ಟಿದ ತಮ್ಮ! ನಾನು ಬಾಯಿ ತೆಗೆದರೆ ಅಪ್ಪ, "ನೀ ಹೇಳೋದು ಸರಿ ಇರ್ಬೋದು ಮಗಳೆ. ಆದ್ರೆ ಹೊಸ ರೋಗ, ಹೊಸ ಮಾತು. ಯಾವುದಕ್ಕೂ ಹುಷಾರಾಗಿರೋದು ಒಳ್ಳೇದಲ್ವಾ?" ಅನ್ನುತ್ತಿದ್ದ. ಸಂತೆಯಲ್ಲಿ ನಿಂತು ನೂರು ಜನಕ್ಕೆ ಹೇಳಿದ ಮಾತು ನಮ್ಮ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ.

ಮದುವೆ ಹತ್ತಿರ ಬಂದಾಗ ಜಗಳೂರಿನಿಂದ ಅಜ್ಜಿ ಬಂದಳು, ಶ್ಯಾವಿಗೆ ಹೊಸೆಯುವುದಕ್ಕೆ. ಮಗನಿಗೆ ರಕ್ತದ ಕಾಯಿಲೆ ಅಂತಷ್ಟೇ ಅವಳಿಗೆ ಗೊತ್ತಿದ್ದದ್ದು. ಜಗುಲಿಯ ಮೇಲೆ ಗಂಟು ಇಳಿಸಿದವಳ ಕಣ್ಣು ಗೂಡಿಗೆ ಬಿತ್ತು.

"ಇದ್ಯಾರ್ದು ತಟ್ಟೆ?"

"ನಂದು ಕಣವ್ವ" ಅಂದ ಮಾವ.

"ನಿಂದಾದ್ರೆ ಹೊರಗ್ಯಾಕೈತೆ?"

"ನಂಗೆ ಆಗಿರೋ ಕಾಯ್ಲೆ ಅಂಥದ್ದು."

ಅಜ್ಜಿ ಮೆಲ್ಲಗೆ ಕೂತಳು. ತಟ್ಟೆಯನ್ನು ಮಡಿಲಿಗೆ ತೆಗೆದುಕೊಂಡು ಸೆರಗಿನಿಂದ ಒರೆಸತೊಡಗಿದಳು. ನಮ್ಮ ಮನೆಯ ಹಿರಿಯರು ಹಿಂದಿನದನ್ನು ಹೆಚ್ಚು ಹೇಳಿದವರಲ್ಲ. ಅದನ್ನು ನಾವು ಅವರ ಸುಮ್ಮನಿರುವಿಕೆಯಿಂದಲೇ ತಿಳಿದುಕೊಂಡದ್ದು. ಆ ದಿನ ಅಜ್ಜಿ ಹೇಳಿದಳು, ದನಿ ಎತ್ತರಿಸದೆ, ಶ್ಯಾವಿಗೆ ಹಿಟ್ಟಿನ ವಿಷಯ ಮಾತಾಡುವ ಹಾಗೆ.

"ನಾನು ಮದ್ವೆಯಾಗಿ ಬಂದಾಗಿಂದ ಹೋಟ್ಲು ಸೂರಿಗೆ ಸಿಗಿಸಿದ್ ಲೋಟದಾಗೆ ಚಾ ಕುಡ್ದೋಳು. ನಮ್ ಕೇರಿಯೋರಿಗೆ ಅಂತ್ಲೇ ಬೇರೆ ಲೋಟ. ಕುಡಿಯೋದು, ನಾವೇ ತೊಳ್ಯೋದು, ಅಲ್ಲೇ ಸಿಗಿಸೋದು. ಅವ್ರು ಎತ್ತರದಿಂದ ಹುಯ್ಯೋರು, ಲೋಟಕ್ಕೆ ಲೋಟ ತಾಗ್ದಂಗೆ. ನಮ್ಮನ್ನ ಮುಟ್ಟಿದ್ರೆ ಏನೋ ಹತ್ತುತ್ತೆ ಅಂತ. ಏನ್ ಹತ್ತುತ್ತೆ ಅಂತ ಒಬ್ರೂ ಹೇಳ್ಲಿಲ್ಲ. ನಾನೂ ಕಾಯ್ಕಂಡೇ ಇದ್ದೆ, ಯಾರಾನ ಹೇಳ್ತಾರೇನೋ ಅಂತ." ಅವ್ವನ ಕಡೆ ತಿರುಗಿದಳು. "ಆ ಲೋಟ ಬಸ್ಸತ್ತಿ ನಿನ್ ಮನಿಗೆ ಬಂದೈತಲ್ಲೇ. ಕರ್ದು ಮಣೆ ಹಾಕಿದೋರು ಯಾರು?"

ಅವ್ವ ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು.

ಅಜ್ಜಿ ನನ್ನನ್ನು ಕೇಳಿದಳು. "ನೀ ಕಲ್ತೋಳು. ಇವ್ನ ಜೊತೆ ಉಂಡ್ರೆ ನಂಗೆ ಬರುತ್ತಾ?"

"ಇಲ್ಲ ಅಜ್ಜಿ. ಬರಲ್ಲ."

"ಹಂಗಾರೆ ಇಕ್ಕು."

ಒಂದೇ ತಟ್ಟೆಗೆ ಇಕ್ಕಿದೆ. ಅಜ್ಜಿ ಮುದ್ದೆಯನ್ನು ಮುರಿದು ತಾನೊಂದು ತುತ್ತು ನುಂಗಿದಳು, ಮಗನಿಗೊಂದು ಕೊಟ್ಟಳು. ಅವನು ಬಾಯಿ ತೆಗೆಯಲಿಲ್ಲ. "ತೆಗೀಯೋ, ನನ್ ಕೈಯೂ ನೊಯ್ತೈತೆ" ಅಂದಳು. ಮೀಸೆ ಬಂದ ಗಂಡಸು ಕೂಸಿನ ಹಾಗೆ ಬಾಯಿ ತೆಗೆದ. ನಾನು ಪುಸ್ತಕದಲ್ಲಿ ಓದಿದ್ದೆ, ಡಾಕ್ಟರ ಬಾಯಲ್ಲಿ ಕೇಳಿದ್ದೆ, ಊರೂರಿನಲ್ಲಿ ಹೇಳಿದ್ದೆ. ಆದರೆ ಆ ಮಾತು ನಿಜ ಅಂತ ನನ್ನ ಕಣ್ಣಿಗೆ ಕಂಡದ್ದು ಆ ತಟ್ಟೆಯಲ್ಲಿ. ಅವ್ವ ಸೌಟು ಕೆಳಗಿಟ್ಟು ಬಂದು ಅವರ ಪಕ್ಕ ಕೂತಳು. ಅದೇ ತಟ್ಟೆಯಿಂದ ಒಂದು ಚೂರು ಮುರಿದುಕೊಂಡಳು.

ಮನೆಯ ಒಳಗಿನದು ಹೀಗೆ ತಿಳಿಯಾಯಿತು. ಹೊರಗಿನದು ಹಾಗಲ್ಲ. ಲಾರಿ ಸ್ಟ್ಯಾಂಡಿನ ಮಾತು ಬೀಗರ ಊರನ್ನೂ ಮುಟ್ಟಿತ್ತು. ಮದುವೆಯ ಹಿಂದಿನ ದಿನವೇ ಬಂದಿಳಿದ ಗಂಡಿನ ಕಡೆಯವರು ಗುಸುಗುಸು ಮಾಡುತ್ತಿದ್ದರು. ಅವರಲ್ಲಿ ಗಂಡಿನ ಸೋದರತ್ತೆ ಒಬ್ಬಳಿದ್ದಳು, ನಲ್ಲೂರಿನವಳು. ಆಕೆಯ ಬಾಯಿಗೆ ಅವರ ಮನೆಯವರೇ ಹೆದರುತ್ತಿದ್ದರು. ಬಂದ ಗಳಿಗೆಯಿಂದ ಆಕೆಯದು ಒಂದೇ ಸಮ. "ಏನ್ ಬೀಗರೇ, ನಿಮ್ಮೂರಾಗೆ ಉಪ್ಪು ಸಿಗಲ್ವಾ, ಇಲ್ಲಾ ಸಾರಿಗೆ ತೋರ್ಸಿ ವಾಪಸ್ ಇಟ್ಟೀರಾ?" ಉಡುಗೊರೆ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, "ಉಟ್ಕಣಾಕೋ, ಸೊಳ್ಳೆ ಪರದೆ ಕಟ್ಟಾಕೋ?" ಅಪ್ಪ ಆಕೆ ಎದುರು ಬಂದರೆ ದಾರಿ ಬದಲಿಸುತ್ತಿದ್ದ. ಏನಾದರೂ ಕೆಟ್ಟರೆ ಈಕೆಯಿಂದಲೇ ಕೆಡುತ್ತದೆ ಅಂತ ನನಗೆ ಖಾತ್ರಿಯಾಗಿತ್ತು.

ಬೆಳಗಿನ ಮುಹೂರ್ತದಲ್ಲಿ ತಾಳಿ ಕಟ್ಟಿ ಆಯಿತು. ಮಧ್ಯಾಹ್ನ ಚಪ್ಪರದ ನಡುವೆ ಹರಿವಾಣ ತಂದಿಟ್ಟರು. ಹೋಳಿಗೆಯ ಮೇಲೆ ತುಪ್ಪ ಹೊಳೆಯುತ್ತಿತ್ತು. ಮಾವ ಹೊಸ ಅಂಗಿ ತೊಟ್ಟು ಕಂಬದ ಹತ್ತಿರ ನಿಂತಿದ್ದ. ಅಂಗಿ ಅವನ ಮೈಮೇಲೆ ಗೂಟಕ್ಕೆ ಹಾಕಿದ ಹಾಗಿತ್ತು. ಗಂಡಿನ ಕಡೆಯ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, "ಹುಡ್ಗಿ ಚಿಕ್ಕಪ್ಪನೋ ಯಾರೋ ಕಲಸ್ಲಿ ಬಿಡ್ರಿ. ಮಾವಂಗೆ ಮೈಯಾಗೆ ಸರಿ ಇಲ್ವಂತಲ್ಲ" ಅಂದರು.

ಅಪ್ಪ ನೆಲ ನೋಡಿದ. ಮಾವ, "ಹೌದು ಹೌದು, ಹಂಗೇ ಆಗ್ಲಿ, ನಾನು ಇಲ್ಲೇ ನಿಂತ್ಕಂಡು ನೋಡ್ತೀನಿ" ಅಂದುಬಿಟ್ಟ.

ಆಗ ಬಾಸಿಂಗದ ಕೆಳಗಿನಿಂದ ತಂಗಿಯ ದನಿ ಬಂತು. "ಮಾವ ಕಲಸಿದ್ರೆ ಬಾಯಿ ತೆಗೀತೀನಿ. ಇಲ್ಲಾಂದ್ರೆ ಹರಿವಾಣ ಎತ್ತಿ ಒಳಗಿಡ್ರಿ."

ಮದುಮಗಳು ಚಪ್ಪರದಲ್ಲಿ ಮಾತಾಡುವುದೇ? ಹೆಂಗಸರು ಬಾಯಿ ಮೇಲೆ ಕೈಯಿಟ್ಟರು. ಅವಳು ತಲೆ ತಗ್ಗಿಸಿಯೇ ಇದ್ದಳು, ಹೂವಿನ ದಂಡೆ ಮಾತ್ರ ಅಲುಗುತ್ತಿತ್ತು. ಹೊಸಬರು ಬಂದರೆ ಬಾಗಿಲ ಹಿಂದೆ ಅಡಗುತ್ತಿದ್ದ ಹುಡುಗಿ ನಮ್ಮವಳು.

ಮಾವ ಕಂಬ ಬಿಟ್ಟು ಮುಂದೆ ಬಂದ. ಎಲ್ಲರಿಗೂ ಕೈ ಮುಗಿದ.

"ನೀವು ಕೇಳಿರೋದು ಸುಳ್ಳಲ್ಲ. ಪೇಪರ್‌ನಾಗೆ ಬರ್ತೈತಲ್ಲ, ಅದೇ ರೋಗ ನಂಗೆ ಐತೆ. ನಾನು ತಂದ್ಕಂಡಿದ್ದು, ಯಾರೂ ಕೊಟ್ಟಿದ್ದಲ್ಲ. ಈ ಹುಡ್ಗಿಗೆ ಹಾಲು ಹಲ್ಲು ಇದ್ದಾಗಿಂದ ಉಣ್ಸಿದ್ ಕೈ ಇದು, ಅದ್ಕೇ ಹಠ ಮಾಡ್ತಾಳೆ. ಬೇಡ ಅನ್ನೋರು ಬೇಡ ಅನ್ರಿ. ನಂಗೆ ಬೇಜಾರಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಸಂತೇಲಿ ಹೇಳ್ತೀಯಲ್ಲವ್ವಾ. ಇಲ್ಲೂ ಹೇಳು" ಅಂದ.

ಹೇಳಿದೆ. ಮೈಕಿಲ್ಲ, ಚಿತ್ರವಿಲ್ಲ. ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ, ಅಷ್ಟೇ. ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಚಪ್ಪರದಿಂದ ಹೊರಗೆ ನಡೆದಳು. ಇನ್ನಿಬ್ಬರು ಅವಳ ಹಿಂದೆ ಹೋದರು. ಉಳಿದವರು ನಿಂತಲ್ಲೇ ನಿಂತರು. ಹರಿವಾಣದ ಸುತ್ತ ಮದುಮಕ್ಕಳನ್ನು ಬಿಟ್ಟರೆ ಯಾರೂ ಇಲ್ಲ.

"ಸರೀರಿ ಅತ್ಲಾಗೆ, ದಾರಿ ಬಿಡ್ರಿ."

ನಲ್ಲೂರಿನ ಸೋದರತ್ತೆ. ಮುಗಿಯಿತು ಅಂದುಕೊಂಡೆ. ಆಕೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಬಂದು ಹರಿವಾಣದ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಳು.

"ಏನ್ ತಮ್ಮಾ, ಭಾಷಣ ಆಯ್ತಲ್ಲ? ತುಪ್ಪ ಆರಿ ಹೆಪ್ಪುಗಟ್ತೈತೆ. ಕೈ ತೊಳ್ಕಂಡಿದೀಯಾ?"

ಮಾವ ತಡವರಿಸಿದ. "ತೊಳ್ಕಂಡೀನಿ ಅಕ್ಕಾ."

"ಅಷ್ಟು ಸಾಕು. ಎಷ್ಟೋ ಗಂಡಸ್ರು ಅದನ್ನೂ ಮಾಡಲ್ಲ. ಕಲಸು."

ಎಲ್ಲಿಂದಲೋ ಒಂದು ನಗು ಎದ್ದಿತು. ಆ ನಗುವಿನಲ್ಲಿ ಚಪ್ಪರ ಮತ್ತೆ ಉಸಿರಾಡಿತು. ಮಾವ ಕೂತ. ಹೋಳಿಗೆ ಮುರಿದ, ಬಾಳೆಹಣ್ಣು ಹಿಸುಕಿದ, ಹಾಲು ಸೇರಿಸಿ ಕಲಸಿದ. ನಾನು ಆ ಕೈಯನ್ನೇ ನೋಡುತ್ತಿದ್ದೆ. ಸಾವಿರಾರು ಮೈಲಿ ಲಾರಿ ತಿರುಗಿಸಿದ ಕೈ ಒಂದು ಸಣ್ಣ ತುತ್ತು ಕಟ್ಟಲು ಎಷ್ಟು ಹೊತ್ತು ತೆಗೆದುಕೊಂಡಿತು! ತಂಗಿ ಬಾಯಿ ತೆಗೆದಳು. ಕಣ್ಣು ಮುಚ್ಚಿ, ಚಿಕ್ಕಂದಿನಲ್ಲಿ ತೆಗೆಯುತ್ತಿದ್ದ ಹಾಗೆಯೇ ದೊಡ್ಡದಾಗಿ. ಮುಂದಿನ ತುತ್ತು ಮದುಮಗನಿಗೆ. ಅವನ ಹಣೆಯಲ್ಲಿ ಬೆವರಿತ್ತು. ಕರೆಂಟು ಕಂಬ ಹತ್ತುವ ಹುಡುಗ ಒಂದು ಗಳಿಗೆ ತುತ್ತನ್ನು ನೋಡಿದ, ಹೆಂಡತಿಯನ್ನು ನೋಡಿದ, ಬಾಯಿ ತೆಗೆದ.

"ನಂಗಿಲ್ವಾ? ಮೊದ್ಲು ಬಂದು ಕೂತೋಳು ನಾನು" ಅಂತ ಸೋದರತ್ತೆ ಬಾಯಿ ಕಳೆದು ಕೂತಳು.

ಆಮೇಲೆ ಕೈಗಳು ಬಂದವು. ಎಲ್ಲರದೂ ಅಲ್ಲ. ಬಂದಷ್ಟು ಬಂದವು. ಅಜ್ಜಿಯ ಸುಕ್ಕುಗಟ್ಟಿದ ಕೈ, ಅವ್ವನ ಹಸಿರು ಬಳೆಯ ಕೈ, ಬೇರೆಯವರು ಕಲಸಲಿ ಅಂದಿದ್ದ ಆ ಹಿರಿಯರ ಕೈ ಕೂಡ, ಸ್ವಲ್ಪ ತಡವಾಗಿ, ಅಂಚಿನಿಂದ. ಬೆರಳಿಗೆ ಬೆರಳು ತಾಗುತ್ತಿತ್ತು. ಯಾರದು ಯಾವುದು ಅಂತ ತಿಳಿಯುತ್ತಿರಲಿಲ್ಲ. ಶಿವಮೊಗ್ಗದ ಗೋಡೆಯ ಮೇಲೆ ಆ ಸಣ್ಣ ಜೀವವನ್ನು ನೋಡಿ ಬೆರಗಾಗಿದ್ದವಳು ನಾನು. ಈ ಹರಿವಾಣದ ಮುಂದೆ ಆ ಬೆರಗು ಎಷ್ಟು ಚಿಕ್ಕದು ಅನ್ನಿಸಿತು. ಹೆದರಿಕೆ ಯಾರಿಗೂ ಹೋಗಿರಲಿಲ್ಲ. ಹೆದರಿಕೊಂಡೇ ಕೈಯಿಟ್ಟಿದ್ದರು.

ಉಂಡವರ ಕೈಗೆ ನೀರು ಹಾಕುತ್ತ ನಾನು ಹಂಡೆಯ ಹತ್ತಿರ ನಿಂತಿದ್ದೆ. ಎಲ್ಲರೂ ಆದ ಮೇಲೆ ಸೋದರತ್ತೆ ಬಂದಳು. ಕೈ ತೊಳೆಯುತ್ತಲೇ ಇದ್ದಳು. ಅತ್ತ ಇತ್ತ ನೋಡಿ, ನಾನು ಕೇಳರಿಯದ ಮೆತ್ತನೆ ದನಿಯಲ್ಲಿ, "ಯವ್ವಾ, ಆ ರಕ್ತ ಪರೀಕ್ಷೆ ಎಲ್ಲಿ ಮಾಡ್ತಾರೆ?" ಅಂದಳು.

"ಹೊನ್ನಾಳೀಲಿ ರಕ್ತ ತಗೊಂಡು ಬೆಂಗಳೂರಿಗೆ ಕಳಿಸ್ತಾರೆ. ಯಾರಿಗೂ ಹೇಳಲ್ಲ. ನಾನೂ ಜೊತೆಗೆ ಬರ್ತೀನಿ."

ಯಾರಿಗೆ ಅಂತ ನಾನು ಕೇಳಲಿಲ್ಲ. ಆಕೆ ಸೆರಗಿನಿಂದ ಕೈ ಒರೆಸಿಕೊಂಡಳು. "ನನ್ ದೊಡ್ಡ ಮಗನೂ ಲಾರೀನೇ. ಎಷ್ಟು ಹೇಳಿದ್ರೂ ಆಸ್ಪತ್ರೆ ಕಡೆ ಬರಲ್ಲ, ಎಲ್ರೂ ದೂರ ಮಾಡ್ತಾರೆ ಅಂತಾನೆ. ನಿಮ್ ಮಾವನ್ನ ಕರ್ಕಂಬಂದ್ರೆ ಬರ್ತಾನೇನೋ. ಕೇಳಿ ನೋಡ್ತೀಯಾ?"

ಕೇಳುತ್ತೇನೆ ಅಂದೆ. ಆಕೆ ತಲೆ ಆಡಿಸಿ ಚಪ್ಪರಕ್ಕೆ ಹೋದಳು. "ಈ ಹೋಳಿಗೆ ಮಾಡಿದ್ ಕೈಗೆ ಯಾರಾನ ದೃಷ್ಟಿ ತೆಗೀರ್ರಪ್ಪ, ಹೋಳಿಗೆ ಚಪ್ಪಲಿ ಅಟ್ಟೆಗೂ ಬರುತ್ತೆ" ಅಂತ ಆಕೆಯ ದನಿ ಮತ್ತೆ ಕೇಳಿಸಿತು. ಮಗನ ಭಯವೇ ಆಕೆಯನ್ನು ಹರಿವಾಣದ ಮುಂದೆ ಕೂರಿಸಿತೋ, ಅದಿಲ್ಲದಿದ್ದರೂ ಕೂರುತ್ತಿದ್ದಳೋ, ನನಗೆ ಗೊತ್ತಿಲ್ಲ. ಕೂರುತ್ತಿದ್ದಳು ಅಂತಲೇ ನನಗೆ ಅನ್ನಿಸುವುದು.

ಮುಂದಿನ ಗುರುವಾರ ಹೊನ್ನಾಳಿಯ ಬಸ್ ನಿಲ್ದಾಣದಲ್ಲಿ ನಾನೂ ಮಾವನೂ ಕಾಯುತ್ತಿದ್ದೆವು. ಚನ್ನಗಿರಿ ಕಡೆಯ ಬಸ್ಸಿನಿಂದ ಆಕೆ ಇಳಿದಳು, ಹಿಂದೆ ದಪ್ಪ ಮೀಸೆಯ ಮಗ. ಅವನು ಬಸ್ಸಿನ ಮೆಟ್ಟಿಲು ಬಿಟ್ಟು ಮುಂದೆ ಬರಲಿಲ್ಲ. ಮಾವ ತಾನೇ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟ.

"ಯಾವ ಗಾಡಿ ಓಡಿಸ್ತೀಯಪ್ಪ? ಬಾ, ಮೊದ್ಲು ಚಾ ಕುಡಿಯಾನ. ಆಮೇಲೆ ಹೋಗಾನ."

ಅವನ ರಕ್ತದಲ್ಲಿ ಏನು ಬಂತು ಅಂತ ಇಲ್ಲಿ ಬರೆಯುವುದಿಲ್ಲ, ಅದು ಅವರ ಮನೆಯ ಮಾತು. ಆ ದಿನ ಅವರಿಬ್ಬರೂ ಚಾ ಕುಡಿದು, ಗೇರು ಬ್ರೇಕುಗಳ ಮಾತಾಡುತ್ತ, ಆಸ್ಪತ್ರೆಯ ಕಡೆ ಮುಂದೆ ಮುಂದೆ ನಡೆದರು. ನಾವು ಹೆಂಗಸರಿಬ್ಬರು ಹಿಂದೆ ಹೋದೆವು. ಅಲ್ಲಿಂದ ಮುಂದೆ ಮಾವ ಲಾರಿ ಸ್ಟ್ಯಾಂಡುಗಳಿಗೆ ಹೋಗಿ ಎಂಜಿನ್ನು ಬಾಡಿಯ ಲೆಕ್ಕದಲ್ಲೇ ಈ ರೋಗದ ವಿಷಯ ಹೇಳತೊಡಗಿದ. ಮೈಯಲ್ಲಿ ಶಕ್ತಿಯಿದ್ದಷ್ಟು ಕಾಲವೂ ಹೇಳಿದ. ನನ್ನ ಸಭೆಗಳಲ್ಲಿ ನಕ್ಕು ಹೋಗುತ್ತಿದ್ದ ಗಂಡಸರು ಅವನ ಮುಂದೆ ಬೀಡಿ ಆರಿಸಿ ಕೂತು ಕೇಳುತ್ತಿದ್ದರು.